ಒಬ್ಬರೇ ಕೂರುವುದೋ, ಜೋಡಿಯಾಗಿಯೋ? ಸಂಗೀತ ಕಛೇರಿ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ವೇದಿಕೆ ಮೇಲೆ ಒಬ್ಬರೇ ಕೂತರೆ ಒಳ್ಳೆಯದೋ, ಜೊತೆಗೊಬ್ಬರು ಇದ್ದರೆ ಒಳ್ಳೆಯದೋ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ನಮಸ್ಕಾರ ಸರ್. ನಾನೂ ನನ್ನ ಗೆಳತಿಯೂ ಒಬ್ಬರೇ ಗುರುಗಳ ಹತ್ತಿರ ಪಿಟೀಲು ಕಲಿತವರು. ಕಾಲೇಜಿನ ದಿನಗಳಿಂದ ದ್ವಂದ್ವ ಪಿಟೀಲು ನುಡಿಸುತ್ತಿದ್ದೇವೆ. ಗಣೇಶೋತ್ಸವ, ರಾಮೋತ್ಸವ ಅಂತ ಒಂದಷ್ಟು ಕಛೇರಿಗಳು ಸಿಗುತ್ತವೆ. ಈಗ ಅವಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ, ನಾನು ಬೆಂಗಳೂರಿನಲ್ಲಿ. ಒಟ್ಟಿಗೆ ಕೂತು ಅಭ್ಯಾಸ ಮಾಡುವುದು ತುಂಬಾ ಕಡಿಮೆಯಾಗಿದೆ. ಮೊನ್ನೆ ಒಂದು ಸಭೆಯವರು "ನೀವೊಬ್ಬರೇ ನುಡಿಸ್ತೀರಾ?" ಎಂದು ಕೇಳಿದರು. ಒಪ್ಪಿಕೊಳ್ಳಲು ಆಸೆ ಇದೆ, ಆದರೆ ಅವಳಿಗೆ ದ್ರೋಹ ಮಾಡಿದ ಹಾಗಾಗುತ್ತಾ ಅಂತ ಸಂಕಟ. ಒಬ್ಬಳೇ ಒಂದೂವರೆ ಗಂಟೆ ನುಡಿಸೋಕೆ ಆಗುತ್ತಾ ಅನ್ನೋ ಭಯವೂ ಇದೆ.

ಒಪ್ಪಿಕೊಳ್ಳಿ. ಆದರೆ ಸಭೆಯವರಿಗೆ ಹೂಂ ಅನ್ನುವ ಮೊದಲು ಗೆಳತಿಗೆ ಫೋನ್ ಮಾಡಿ ನೀವೇ ಹೇಳಿ. ಆಹ್ವಾನ ಪತ್ರಿಕೆ ವಾಟ್ಸಾಪ್‌ನಲ್ಲಿ ಓಡಾಡಿ ಅವರಿಗೆ ಮೂರನೆಯವರಿಂದ ತಿಳಿದರೆ ಅದು ನೋವು ಕೊಡುತ್ತದೆ. ನೀವೇ ಹೇಳಿದರೆ ಒಂದು ನಿಮಿಷ ಬೇಸರವಾಗಬಹುದು, ಅಷ್ಟೇ. ಒಬ್ಬರೇ ನುಡಿಸುವುದರಲ್ಲಿ ದ್ರೋಹದ ಮಾತು ಎಲ್ಲಿಂದ ಬಂತು? ಮೈಸೂರು ನಾಗರಾಜ್ ಮತ್ತು ಮಂಜುನಾಥ್ ಸಹೋದರರನ್ನೇ ನೋಡಿ. ಇಬ್ಬರೂ ತಂದೆ ಮಹದೇವಪ್ಪನವರ ಹತ್ತಿರ ಕಲಿತವರು, ಜೋಡಿಯಾಗಿಯೇ ದೊಡ್ಡ ಹೆಸರು ಮಾಡಿದವರು. ಆದರೂ ಮಂಜುನಾಥ್ ಅವರು ಒಬ್ಬರೇ ನುಡಿಸಿದ ಕಛೇರಿಗಳೂ ಸಾಕಷ್ಟಿವೆ. ಅದರಿಂದ ಜೋಡಿಗೆ ಏನೂ ಕಡಿಮೆಯಾಗಲಿಲ್ಲ.

ಈಗ ನಿಮ್ಮ ಎರಡನೇ ಭಯದ ಬಗ್ಗೆ. ನನಗೆ ಮುಖ್ಯ ಅನ್ನಿಸಿದ್ದು ಅದೇ. ಇಷ್ಟು ವರ್ಷ ವೇದಿಕೆ ಮೇಲೆ ಕೂತವರಿಗೆ ಒಬ್ಬರೇ ಒಂದೂವರೆ ಗಂಟೆ ನುಡಿಸಲು ಆಗುತ್ತೋ ಇಲ್ಲವೋ ಗೊತ್ತಿಲ್ಲ ಅಂದರೆ, ಜೋಡಿಯಲ್ಲಿ ನೀವು ಎಲ್ಲೋ ಸ್ವಲ್ಪ ಆರಾಮಾಗಿ ಕೂತಿದ್ದೀರಿ ಅಂತ ಅರ್ಥ. ಇದನ್ನು ಬೈಗುಳ ಅಂದುಕೊಳ್ಳಬೇಡಿ. ಜೋಡಿಯಲ್ಲಿ ಹೀಗಾಗುವುದು ಬಹಳ ಸುಲಭ. ಆಲಾಪನೆಯಲ್ಲಿ ತಾರಸ್ಥಾಯಿ ಯಾವಾಗಲೂ ಅವರ ಪಾಲು, ಕೆಳಗಿನದು ನಿಮ್ಮ ಪಾಲು. ಲೆಕ್ಕದ ಸ್ವರ ಯಾವಾಗಲೂ ನಿಮ್ಮದು, ಲೆಕ್ಕ ಕಟ್ಟದೆ ಸರಾಗವಾಗಿ ಹರಿಯುವ ಸರ್ವಲಘು ಅವರದು. ಚೆನ್ನಾಗಿ ಬರುವುದನ್ನೇ ಇಬ್ಬರೂ ಮತ್ತೆ ಮತ್ತೆ ಮಾಡುತ್ತಾ ಹೋದರೆ ಕೇಳುವವರಿಗೆ ಕಛೇರಿ ಪೂರ್ತಿಯಾಗಿಯೇ ಕಾಣುತ್ತದೆ. ಆದರೆ ಬಾರದೇ ಇರುವುದು ಬಾರದೇ ಉಳಿದುಬಿಡುತ್ತದೆ. ನನ್ನ ಅಭಿಪ್ರಾಯ ಬಹಳ ಗಟ್ಟಿಯಾಗಿದೆ. ಒಂದು ಪೂರ್ತಿ ಕಛೇರಿಯನ್ನು ಒಬ್ಬರೇ ನಡೆಸಬಲ್ಲ ಇಬ್ಬರು ಸೇರಿದರೆ ಮಾತ್ರ ಅದು ಜೋಡಿ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಮುಚ್ಚಲಿ ಎಂದು ಸೇರಿಕೊಂಡರೆ ಕೆಲವು ವರ್ಷ ನಡೆಯಬಹುದು, ಸಂಗೀತ ಬೆಳೆಯುವುದಿಲ್ಲ.

ಒಬ್ಬರೇ ನುಡಿಸುವಾಗ ಮೊದಲು ಸೋಲುವುದು ಕೈ. ಹಾಡುಗಾರಿಕೆ ಕಛೇರಿಯಲ್ಲಿ ಗಾಯಕರು ಆಲಾಪನೆ ಮುಗಿಸಿದ ಮೇಲೆ ಪಿಟೀಲಿನವರು ನುಡಿಸುತ್ತಾರೆ, ಗಂಟಲಿಗೆ ಅಷ್ಟು ಹೊತ್ತು ಬಿಡುವು. ನಿಮ್ಮ ದ್ವಂದ್ವದಲ್ಲಿ ಗೆಳತಿ ನುಡಿಸುವಾಗ ನಿಮಗೆ ಬಿಡುವು. ಸೋಲೋ ಪಿಟೀಲಿನಲ್ಲಿ ಸಾಮಾನ್ಯವಾಗಿ ಜೊತೆಗಿರುವುದು ಮೃದಂಗ, ಜಾಸ್ತಿ ಅಂದರೆ ಘಟವೋ ಖಂಜೀರವೋ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಬರುವ ತನಕ ನಾದ ಪೂರ್ತಿ ನಿಮ್ಮ ಕಮಾನಿನಿಂದಲೇ ಹೊರಡಬೇಕು. ಹಾಗಾಗಿ ಈಗಿನಿಂದಲೇ ದಿನವೂ ಒಂದು ಸಲ ಕಛೇರಿಯ ಕ್ರಮದಲ್ಲೇ ನುಡಿಸಿ. ವರ್ಣ, ಎರಡು ಚಿಕ್ಕ ಕೃತಿ, ಸ್ವರಪ್ರಸ್ತಾರ (ಅಲ್ಲೇ ಕಲ್ಪಿಸಿ ನುಡಿಸುವ ಸ್ವರ) ಇರುವ ಒಂದು ಮಧ್ಯಮ ಗಾತ್ರದ ಕೃತಿ, ಆಮೇಲೆ ಮುಖ್ಯ ರಾಗ. ನಡುವೆ ಫೋನ್ ಮುಟ್ಟಬೇಡಿ, ನೀರು ಕುಡಿಯಲೂ ಏಳಬೇಡಿ. ಮೊದಲ ಸೋಲೋಗೆ ಒಂದೇ ಸಾಲನ್ನು ದೀರ್ಘವಾಗಿ ಬೆಳೆಸುವ ರಾಗ ತಾನ ಪಲ್ಲವಿ ಬೇಡವೇ ಬೇಡ. ಒಂದು ಒಳ್ಳೆಯ ಮುಖ್ಯ ಕೃತಿ, ತನಿಗೆ ಹತ್ತು ಹನ್ನೆರಡು ನಿಮಿಷ, ಕೊನೆಗೆ ಎರಡು ದೇವರನಾಮ. ಜನ ಸಂತೋಷವಾಗಿ ಎದ್ದು ಹೋಗುತ್ತಾರೆ.

ಎರಡನೆಯದು ಯೋಚನೆ. ಜೋಡಿಯಲ್ಲಿದ್ದಾಗ ಆಲಾಪನೆಯ ಒಂದು ಘಟ್ಟ ಮುಗಿಸಿ ಮುಂದೇನು ಅಂತ ತೋಚದಿದ್ದರೆ ಪಕ್ಕದವರ ಕಡೆ ನೋಡಬಹುದು. ಒಬ್ಬರೇ ಇದ್ದಾಗ ಆ ಜಾಗದಲ್ಲಿ ಮೌನ ಬರುತ್ತದೆ. ಆ ಮೌನಕ್ಕೆ ಹೆದರಿ ತುಂಬಾ ಜನ ಕೈಗೆ ಬಂದ ಬ್ರಿಗಾ (ವೇಗದ ಸ್ವರಗುಚ್ಛ) ಎಲ್ಲ ಸುರಿಯುತ್ತಾರೆ. ಹಾಗೆ ಮಾಡಬೇಡಿ. ತಂಬೂರಿ ನುಡಿಯುತ್ತಲೇ ಇರುತ್ತದಲ್ವಾ, ಎರಡು ಉಸಿರಿನಷ್ಟು ಹೊತ್ತು ಸುಮ್ನೆ ಕೂತು ಅದನ್ನು ಕೇಳಿ. ಮುಂದಿನ ಸಂಚಾರ ತಾನಾಗಿ ಬರುತ್ತದೆ. ಕೇಳುವವರಿಗೂ ಆ ಬಿಡುವು ಬೇಕು.

ಇನ್ನು ಜೋಡಿ ಉಳಿಸಿಕೊಳ್ಳುವುದು ಹೇಗೆ ಅನ್ನುವುದು. ಪತ್ರದಲ್ಲಿ ನೀವು ಇದನ್ನು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮಿಬ್ಬರ ನಡುವೆ ನೂರೈವತ್ತು ಕಿಲೋಮೀಟರ್ ಬಂದು ಕೂತಿದೆ. ವಿಡಿಯೊ ಕರೆಯಲ್ಲಿ ಒಟ್ಟಿಗೆ ನುಡಿಸಲು ಹೋಗಬೇಡಿ. ದನಿ ತಡವಾಗಿ ಬರುತ್ತದೆ, ತಾಳ ನಿಲ್ಲುವುದಿಲ್ಲ, ಸುಮ್ನೆ ಜಗಳವಾಗುತ್ತದೆ. ಬದಲಿಗೆ ಒಬ್ಬರು ಕೃತಿ ನುಡಿಸಿ ರೆಕಾರ್ಡ್ ಮಾಡಿ ಕಳಿಸಿ, ಇನ್ನೊಬ್ಬರು ಅದನ್ನು ಕೇಳಿ ಸಂಗತಿಗಳನ್ನು, ಅಂದರೆ ಒಂದೇ ಸಾಲನ್ನು ಬದಲಾಯಿಸುತ್ತಾ ನುಡಿಸುವ ಬಗೆಗಳನ್ನು, ಹೊಂದಿಸಿಕೊಳ್ಳಲಿ. ಒಬ್ಬರೇ ಗುರುಗಳಾದರೂ ವರ್ಷಗಳು ಕಳೆದಂತೆ ಪಾಠಾಂತರ ಬೇರೆಯಾಗುತ್ತಾ ಹೋಗುತ್ತದೆ. ಪಿಟೀಲಿನ ದೊಡ್ಡವರಲ್ಲಿ ಒಬ್ಬರು ಲಾಲ್ಗುಡಿ ಜಯರಾಮನ್ ಅವರನ್ನು ಜಾಸ್ತಿ ಕೇಳಿರುತ್ತಾರೆ, ಇನ್ನೊಬ್ಬರು ಎಂ.ಎಸ್. ಗೋಪಾಲಕೃಷ್ಣನ್ ಅವರನ್ನು. ಅದು ಒಳ್ಳೆಯದೇ. ಆದರೆ ಕೃತಿಯ ಪಲ್ಲವಿಯಲ್ಲಿ ಯಾವ ಸಂಗತಿ ಎಷ್ಟು ಸಲ ಅನ್ನುವುದು ಇಬ್ಬರಿಗೂ ಒಂದೇ ಆಗಿರಬೇಕು. ಕಮಾನು ತಿರುಗುವ ಜಾಗವೂ ಅಷ್ಟೇ. ಸಾಹಿತ್ಯದ ಯಾವ ಅಕ್ಷರಕ್ಕೆ ತಿರುಗಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಒಬ್ಬರ ಕಮಾನು ಮೇಲೆ ಹೋಗುವಾಗ ಇನ್ನೊಬ್ಬರದು ಕೆಳಗೆ ಬಂದರೆ ಕಣ್ಣಿಗೆ ಕಾಣುವುದು ಹಾಗಿರಲಿ, ಕಿವಿಗೂ ಎರಡು ಪದ ಬೇರೆ ಬೇರೆ ಹೇಳಿದ ಹಾಗೆ ಕೇಳುತ್ತದೆ.

ಭೇಟಿಯಾದ ದಿನ ಹೊಸ ಕೃತಿ ಹಾಕಿಕೊಳ್ಳುವ ಆಸೆ ಬರುತ್ತದೆ, ಬಿಡಿ. ಆ ದಿನ ವರ್ಣವನ್ನು ಎರಡು ಕಾಲದಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ನುಡಿಸಿ. ಕಣ್ಣಿನ ಸಹಾಯ ಇಲ್ಲದಿದ್ದಾಗ ಕಿವಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ತೋಡಿಯ ಗಾಂಧಾರ, ಬೇಗಡೆಯ ಮಧ್ಯಮ, ಇಂಥ ಕಡೆ ಇಬ್ಬರ ಗಮಕದ (ಸ್ವರವನ್ನು ತೂಗುವುದರ) ಅಗಲ ಒಂದೇ ಇದೆಯಾ ನೋಡಿ. ಒಂದು ಸ್ವಲ್ಪ ಅಗಲ, ಇನ್ನೊಂದು ಸ್ವಲ್ಪ ಕಿರಿದು ಆದರೆ ಎರಡು ಪಿಟೀಲು ಸೇರಿ ಕಲಸಿಹೋಗುತ್ತವೆ, ಒಬ್ಬೊಬ್ಬರೇ ನುಡಿಸಿದರೆ ಇಬ್ಬರದೂ ಚೆನ್ನಾಗಿಯೇ ಇರುತ್ತದೆ. ಹೊಂದುವ ತನಕ ಅಂಥ ರಾಗದಲ್ಲಿ ಒಟ್ಟಿಗೆ ನುಡಿಸುವುದನ್ನು ಕಡಿಮೆ ಮಾಡಿ, ಸರದಿಯಲ್ಲಿ ನುಡಿಸಿ.

ಸರದಿ ಅಂದಾಗ ನನ್ನದೊಂದು ಕಳಕಳಿ ಹೇಳಲೇಬೇಕು. ಆಲಾಪನೆಯನ್ನು ತುಂಡು ತುಂಡು ಮಾಡಿ ಹಂಚಿಕೊಳ್ಳಬೇಡಿ. ಇವರೊಂದು ಸಾಲು, ಅವರೊಂದು ಸಾಲು, ಮತ್ತೆ ಇವರು. ಚಪ್ಪಾಳೆ ಬರುತ್ತದೆ ನಿಜ. ಆದರೆ ಕಾಂಭೋಜಿಯೋ ಭೈರವಿಯೋ ಮನಸ್ಸಿನಲ್ಲಿ ನೆಲೆಯಾಗಲು ಹೊತ್ತು ಬೇಕು, ಒಬ್ಬರ ಕಲ್ಪನೆ ಒಂದು ದಾರಿಯಲ್ಲಿ ಹೋಗುತ್ತಿರುವಾಗ ಅದನ್ನು ನಡುವೆ ನಿಲ್ಲಿಸಿ ಇನ್ನೊಬ್ಬರ ಕೈಗೆ ಕೊಟ್ಟರೆ ಅವರು ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ, ರಾಗ ಮುಂದೆ ಹೋಗುವುದೇ ಇಲ್ಲ. ಒಂದು ರಾಗವನ್ನು ಪೂರ್ತಿ ನೀವು ಮಾಡಿ, ಮುಂದಿನ ರಾಗವನ್ನು ಪೂರ್ತಿ ಅವರು ಮಾಡಲಿ. ಸರದಿಯ ಸೊಗಸು ಇರುವುದು ಸ್ವರಪ್ರಸ್ತಾರದಲ್ಲಿ. ಎರಡು ಆವರ್ತ, ಒಂದು, ಅರ್ಧ, ಕಾಲು ಅಂತ ಇಳಿಸುತ್ತಾ ಬಂದು ಕೊನೆಗೆ ಇಬ್ಬರೂ ಸೇರಿ ಮುಕ್ತಾಯ ಹೇಳುವಾಗ ಆಗುವ ರೋಮಾಂಚನ ಸೋಲೋದಲ್ಲಿ ಸಿಗುವುದಿಲ್ಲ. ಅದಕ್ಕಾಗಿಯಾದರೂ ಜೋಡಿಯನ್ನು ಬಿಡಬೇಡಿ. ಸೋಲೋ ಮುಗಿದ ಮೇಲೆ ಅವರೊಂದಿಗೆ ಮತ್ತೆ ಕೂತಾಗ ನಿಮ್ಮ ಪಿಟೀಲು ಬೇರೆಯೇ ಆಗಿರುತ್ತದೆ.

ಸರ್, ನಾನು ಮತ್ತು ನನ್ನ ಹೆಂಡತಿ ಇಬ್ಬರೂ ಹಾಡುತ್ತೇವೆ. ನನ್ನ ಶ್ರುತಿ, ಅಂದರೆ ಷಡ್ಜ ಇಟ್ಟುಕೊಳ್ಳುವ ಎತ್ತರ, ಹಾರ್ಮೋನಿಯಂನ ಸಿ, ಅವಳದು ಜಿ. ಒಟ್ಟಿಗೆ ಕಛೇರಿ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಡುವೆ ಇ ಶ್ರುತಿ ಇಟ್ಟುಕೊಂಡು ಪ್ರಯತ್ನ ಮಾಡಿದೆವು. ನನಗೆ ಮೇಲೆ ಎಟುಕುವುದಿಲ್ಲ, ಅವಳಿಗೆ ಕೆಳಗೆ ದನಿಯೇ ಇಲ್ಲ. ಏನಾದರೂ ದಾರಿ ಇದೆಯಾ? (ಶಿವಮೊಗ್ಗ)

ಇ ಶ್ರುತಿಯನ್ನು ಇವತ್ತೇ ನಿಲ್ಲಿಸಿ. ಇಬ್ಬರ ಗಂಟಲಿಗೂ ಕೆಟ್ಟದ್ದು. ಜೋಡಿ ಗಾಯಕರಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರೇ ಯಾಕೆ ಜಾಸ್ತಿ ಎಂದು ಯೋಚಿಸಿದ್ದೀರಾ? ರುದ್ರಪಟ್ಟಣಂ ಸಹೋದರರು, ಹೈದರಾಬಾದ್ ಸಹೋದರರು, ಬಾಂಬೆ ಸಿಸ್ಟರ್ಸ್, ರಂಜನಿ ಗಾಯತ್ರಿ. ಒಂದೇ ಮನೆ, ಒಂದೇ ಪಾಠ ಅನ್ನುವುದು ಸರಿ. ಅದರ ಜೊತೆಗೆ ಗಂಟಲಿನ ಎತ್ತರವೂ ಹೆಚ್ಚುಕಮ್ಮಿ ಒಂದೇ. ಗಂಡು ಹೆಣ್ಣಿನ ದನಿಗೆ ಆ ಅನುಕೂಲ ಇಲ್ಲ.

ಆದರೆ ದಾರಿ ಇದೆ, ಅದೂ ನಿಮ್ಮಿಬ್ಬರ ಶ್ರುತಿಗೆ ಸರಿಯಾಗಿ ಹೊಂದುವ ದಾರಿ. ನಿಮ್ಮ ಪಂಚಮವೇ (ಪ) ಅವರ ಷಡ್ಜ (ಸ). ಅಂದರೆ ಅವರ ಮಧ್ಯಮ ನಿಮ್ಮ ಷಡ್ಜ. ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲೇ ಇದ್ದು ಬೇರೆ ಬೇರೆ ರಾಗ ಹಾಡಿದರೂ ಸ್ವರಸ್ಥಾನಗಳು ಒಂದೇ ಆಗುವ ಹಾಗೆ ರಾಗಗಳನ್ನು ಆರಿಸಬಹುದು. ಅವರು ಶಂಕರಾಭರಣ ಹಾಡಲಿ, ನೀವು ಕಲ್ಯಾಣಿ. ಅವರು ಶುದ್ಧ ಸಾವೇರಿ, ನೀವು ಮೋಹನ. ಅವರು ಆಭೋಗಿ, ನೀವು ವಲಜಿ. ಹಾರ್ಮೋನಿಯಂ ಮುಂದೆ ಇಟ್ಟುಕೊಂಡು ನೋಡಿ, ಇಬ್ಬರೂ ಮುಟ್ಟುವ ಮನೆಗಳು ಅವೇ. ಷಡ್ಜದ ಜಾಗ ಬದಲಾಯಿಸಿದಾಗ ಅವೇ ಸ್ವರಗಳಿಂದ ಬೇರೆ ರಾಗ ಹುಟ್ಟುವ ನಮ್ಮ ಗ್ರಹಭೇದವೇ ಇದು. ಹಿಂದೂಸ್ತಾನಿಯಲ್ಲಿ ಪಂಡಿತ್ ಜಸರಾಜ್ ಇದನ್ನೇ ಗಂಡು ಹೆಣ್ಣಿನ ಜುಗಲ್‌ಬಂದಿಗಾಗಿ ರೂಪಿಸಿದರು. ಅದಕ್ಕೆ ಜಸರಂಗಿ ಎಂಬ ಹೆಸರು ಬಂತು. ಅಲ್ಲಿ ಆಭೋಗಿ ಜೊತೆ ಕಲಾವತಿ ಹಾಡುತ್ತಾರೆ, ನಮ್ಮ ವಲಜಿಯ ಸ್ವರಗಳೇ ಅವು.

ತಂಬೂರಿಯೂ ಒಂದೇ ಸಾಕು. ಸಿ ಮತ್ತು ಜಿ ತಂತಿಗಳು ನುಡಿಯುತ್ತಿದ್ದರೆ ನಿಮಗೆ ಅದು ಷಡ್ಜ ಪಂಚಮ, ಅವರಿಗೆ ಮಧ್ಯಮ ಷಡ್ಜ. ಕಷ್ಟ ಇರುವುದು ಬೇರೆ ಕಡೆ. ನೀವು ಕಲ್ಯಾಣಿ ಹಾಡಿ ನಿಲ್ಲಿಸಿದ ತಕ್ಷಣ ಅವರ ಕಿವಿಯಲ್ಲಿ ನಿಮ್ಮ ಷಡ್ಜ ತುಂಬಿರುತ್ತದೆ. ಅದನ್ನು ಪಕ್ಕಕ್ಕಿಟ್ಟು ತನ್ನ ಷಡ್ಜ ಹಿಡಿಯುವುದು ಸುಲಭವಲ್ಲ, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಪಿಟೀಲಿನವರಿಗಂತೂ ಯಾರ ಶ್ರುತಿಗೆ ತಂತಿ ಕಟ್ಟುವುದು ಅನ್ನುವ ಸಮಸ್ಯೆ. ಆಗುವುದಾದರೆ ಇಬ್ಬರು ಪಿಟೀಲಿನವರನ್ನು ಕರೆಯಿರಿ. ಇನ್ನೊಂದು ಮಾತು, ಇದರಲ್ಲಿ ಇಬ್ಬರೂ ಒಂದೇ ಕೃತಿಯನ್ನು ಸೇರಿ ಹಾಡುವುದಕ್ಕೆ ಆಗುವುದಿಲ್ಲ. ಆಲಾಪನೆ, ತಾನ, ಸ್ವರ, ಪಲ್ಲವಿಗೆ ಇದು ಚೆನ್ನ. ಹಾಗಾಗಿ ಎರಡು ಗಂಟೆ ಪೂರ್ತಿ ಹೀಗೆ ಮಾಡಬೇಡಿ. ಮೊದಲು ಅವರೊಬ್ಬರೇ ಹಾಡಲಿ, ಆಮೇಲೆ ನೀವು, ಕೊನೆಗೆ ನಲವತ್ತು ನಿಮಿಷ ಇಬ್ಬರೂ ಸೇರಿ. ಒಂದೇ ಸಂಜೆಯಲ್ಲಿ ಎರಡು ಸೋಲೋ, ಒಂದು ಜೋಡಿ ಕೇಳಿದ ಹಾಗಾಗುತ್ತದೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹತ್ತನೇ ಕ್ಲಾಸು, ಚಿಕ್ಕವಳು ಏಳನೇ ಕ್ಲಾಸು. ಇಬ್ಬರೂ ಚೆನ್ನಾಗಿ ಹಾಡುತ್ತಾರೆ, ಅಕ್ಕತಂಗಿ ಜೋಡಿ ಅಂತ ಊರಿನಲ್ಲಿ ಹೆಸರಾಗಿದೆ. ಈಗ ದೊಡ್ಡವಳು "ನಾನು ಒಬ್ಬಳೇ ಹಾಡ್ತೀನಿ" ಎಂದು ಹಟ ಹಿಡಿದಿದ್ದಾಳೆ. ಚಿಕ್ಕವಳು ಅಳುತ್ತಾಳೆ. ಜೋಡಿಯಾಗಿದ್ದರೆ ಮುಂದೆ ಅವಕಾಶ ಜಾಸ್ತಿ ಅಲ್ವಾ? (ಹಾಸನ)

ಅಮ್ಮಾ, ದೊಡ್ಡವಳ ಮಾತು ಕೇಳಿ. ಹತ್ತನೇ ಕ್ಲಾಸಿನ ಹುಡುಗಿ ತನ್ನ ಸಂಗೀತ ತನಗೆ ಬೇಕು ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯ ಲಕ್ಷಣ. ಅದನ್ನು ಹಟ ಅನ್ನಬೇಡಿ.

ಈ ವಯಸ್ಸಿನಲ್ಲಿ ಮೂರು ವರ್ಷದ ಅಂತರ ಬಹಳ ದೊಡ್ಡದು. ದೊಡ್ಡವಳಿಗೆ ಮನೋಧರ್ಮ, ಅಂದರೆ ತಾನೇ ಕಲ್ಪಿಸಿ ಹಾಡುವುದು, ಶುರುವಾಗಿರುತ್ತದೆ, ಚಿಕ್ಕವಳು ಇನ್ನೂ ಕೃತಿ ಪಾಠದಲ್ಲಿರುತ್ತಾಳೆ. ಜೋಡಿ ಎಂದು ಕಟ್ಟಿಹಾಕಿದರೆ ಒಬ್ಬಳು ತಂಗಿಗಾಗಿ ಕಾಯಬೇಕು, ಇನ್ನೊಬ್ಬಳು ಅಕ್ಕನ ಹಿಂದೆ ಓಡಬೇಕು. ಎಷ್ಟೋ ಮನೆಗಳಲ್ಲಿ ತಂಗಿ ಅಕ್ಕನ ದನಿಯನ್ನೇ ಅನುಕರಿಸುತ್ತಾ ತನ್ನ ದನಿ ಹೇಗಿದೆ ಎಂಬುದನ್ನೇ ಕಂಡುಕೊಳ್ಳುವುದಿಲ್ಲ. ಇದನ್ನು ನಾನು ಪಾಠ ಹೇಳುವಾಗ ಮತ್ತೆ ಮತ್ತೆ ನೋಡಿದ್ದೇನೆ, ಪ್ರತಿ ಸಲವೂ ಬೇಜಾರಾಗಿದೆ.

ಪಾಠ ಒಟ್ಟಿಗೆ ಆಗಲಿ, ಸಾಧನೆ ಬೇರೆ ಬೇರೆ ಹೊತ್ತಿನಲ್ಲಿ ಆಗಲಿ. ಸಂಗೀತ ಪರೀಕ್ಷೆ, ಸ್ಪರ್ಧೆ, ಆಕಾಶವಾಣಿಯ ಧ್ವನಿ ಪರೀಕ್ಷೆ ಎಲ್ಲವನ್ನೂ ಒಬ್ಬೊಬ್ಬರಾಗಿಯೇ ಕೊಡಿಸಿ. ಹಬ್ಬದಲ್ಲಿ, ದೇವಸ್ಥಾನದಲ್ಲಿ ಜೋಡಿಯಾಗಿ ಹಾಡಲಿ, ಯಾರು ಬೇಡ ಅಂದರು? ಚಿಕ್ಕವಳಿಗೂ ಒಂದು ಅರ್ಧ ಗಂಟೆಯ ಪುಟ್ಟ ಕಛೇರಿ ಅವಳ ಹೆಸರಿನಲ್ಲೇ ಮಾಡಿಸಿ, ಅಳು ನಿಲ್ಲುತ್ತದೆ. ಮುಂದೆ ಇಬ್ಬರೂ ದೊಡ್ಡವರಾದ ಮೇಲೆ ತಾವಾಗಿಯೇ ಸೇರಬೇಕು ಅನ್ನಿಸಿದರೆ ಸೇರುತ್ತಾರೆ. ಅವಕಾಶದ ಲೆಕ್ಕ ಈಗ ಬೇಡ.

ನಾನು ಪುತ್ತೂರಿನವನು, ಯಕ್ಷಗಾನದ ಹಾಡುಗಾರಿಕೆ ಅಂದರೆ ಭಾಗವತಿಕೆ ಕಲಿಯುತ್ತಿದ್ದೇನೆ. ಈಗ ಎಲ್ಲಿ ನೋಡಿದರೂ ದ್ವಂದ್ವ ಭಾಗವತಿಕೆ. ಜನರಿಗೂ ಇಷ್ಟ. ನಮ್ಮ ಗುರುಗಳಿಗೆ ಮಾತ್ರ ಕೋಪ. ನೀವೇನು ಹೇಳುತ್ತೀರಿ?

ನಿಮ್ಮ ಗುರುಗಳ ಕೋಪ ನನಗೆ ಅರ್ಥವಾಗುತ್ತದೆ. ಯಕ್ಷಗಾನದಲ್ಲಿ ಭಾಗವತರು ಹಾಡುವುದು ಕೆಲಸದ ಒಂದು ಭಾಗ ಮಾತ್ರ. ಪೂರ್ತಿ ಆಟವನ್ನು ನಡೆಸುವವರು ಅವರು. ಯಾವ ಪದ್ಯವನ್ನು ಎಷ್ಟು ಎಳೆಯಬೇಕು, ಯಾವಾಗ ಬಿಡ್ತಿಗೆಗೆ (ಚೆಂಡೆ ಮದ್ದಳೆಯ ನುಡಿತಕ್ಕೆ) ಬಿಡಬೇಕು, ವೇಷಧಾರಿ ದಣಿದಿದ್ದಾರಾ, ಹೊತ್ತು ಎಷ್ಟಾಯಿತು, ಎಲ್ಲವೂ ಜಾಗಟೆ ಹಿಡಿದವರ ಕೈಯಲ್ಲಿರುತ್ತದೆ. ಇಬ್ಬರು ಕೂತು ಒಬ್ಬರ ಮೇಲೊಬ್ಬರು ಎತ್ತರದ ಸ್ವರಕ್ಕೆ ಹೋಗುತ್ತಿದ್ದರೆ ಕುಣಿಯುವವರು ಯಾರನ್ನು ನೋಡಬೇಕು? ಪಾತ್ರದ ದುಃಖವೋ ವೀರವೋ ಎಲ್ಲಿಗೆ ಹೋಯಿತು?

ಗಾನವೈಭವ ಬೇರೆ. ಅಲ್ಲಿ ವೇಷ ಇಲ್ಲ, ಕಥೆ ನಡೆಯುತ್ತಿಲ್ಲ, ಹಾಡೇ ಮುಖ್ಯ. ಅಲ್ಲಿ ದ್ವಂದ್ವ ಕೇಳಲು ನನಗೂ ಬಹಳ ಇಷ್ಟ, ಶ್ರುತಿ ಹೊಂದುವ ಇಬ್ಬರಾದರೆ. ಆಟದಲ್ಲಿ ಮಾಡಲೇಬೇಕು ಅಂದರೆ ಒಂದೆರಡು ಪದ್ಯಕ್ಕೆ ಇರಲಿ, ಜಾಗಟೆ ಒಬ್ಬರ ಕೈಯಲ್ಲೇ ಇರಲಿ. ಒಂದೇ ಕಂಠ ರಾತ್ರಿಯ ಆಟವನ್ನು ಹೇಗೆ ತುಂಬಿಸಬಲ್ಲದು ಎಂಬುದಕ್ಕೆ ಭಾಗವತ ಕಾಳಿಂಗ ನಾವಡರ ಹಳೆಯ ಧ್ವನಿಮುದ್ರಣಗಳನ್ನು ಕೇಳಿ. 1990ರಲ್ಲಿ, ಬಹಳ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟರು, ಆದರೂ ಇವತ್ತಿಗೂ ಜನ ಆ ದನಿಯನ್ನು ಮರೆತಿಲ್ಲ. ಕಲಿಯುವ ಕಾಲದಲ್ಲಿ ನೀವು ಪೂರ್ವರಂಗದಿಂದ ಹಿಡಿದು ಒಂದು ಪ್ರಸಂಗವನ್ನು ಒಬ್ಬರೇ ನಡೆಸುವುದನ್ನು ರೂಢಿ ಮಾಡಿಕೊಳ್ಳಿ.

ನಾನೂ ನನ್ನ ತಂಗಿಯೂ ಮೂವತ್ತು ವರ್ಷಕ್ಕೂ ಹೆಚ್ಚು ದಾಸರ ಪದಗಳನ್ನು ಒಟ್ಟಿಗೆ ಹಾಡಿದೆವು. ಹೋದ ವರ್ಷ ಅವಳು ತೀರಿಕೊಂಡಳು. ಒಬ್ಬಳೇ ಹಾಡಲು ಕೂತರೆ ಅವಳ ಸಾಲು ಬರುವ ಕಡೆ ದನಿ ನಿಂತುಹೋಗುತ್ತದೆ. ಮಂಡಳಿಯವರು ಬೇರೆಯವರನ್ನು ಜೊತೆಗೆ ಕೂರಿಸುತ್ತೇವೆ ಎನ್ನುತ್ತಾರೆ. (ಧಾರವಾಡ)

ಅಕ್ಕಾ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ಬೇರೆಯವರನ್ನು ಈಗಲೇ ಜೊತೆಗೆ ಕೂರಿಸಿಕೊಳ್ಳಬೇಡಿ. ಅವರು ಎಷ್ಟು ಚೆನ್ನಾಗಿ ಹಾಡಿದರೂ ನಿಮ್ಮ ಕಿವಿ ತಂಗಿಯ ದನಿಯನ್ನೇ ಹುಡುಕುತ್ತದೆ, ಪಾಪ ಅವರಿಗೂ ಕಷ್ಟ.

ನಿಮ್ಮ ಪಕ್ಕದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನು ನೆನೆಸಿಕೊಳ್ಳಿ. ಮಗಳು ಕೃಷ್ಣಾ ಎಷ್ಟೋ ವರ್ಷ ಅವರ ಹಿಂದೆ ಕೂತು ದನಿಗೂಡಿಸಿದರು. ತಾಯಿಯ ಗಟ್ಟಿ ಕಂಠ, ಮಗಳ ತೆಳುವಾದ ಕಂಠ, ಎರಡೂ ಸೇರಿದರೇ ಆ ಗಾಯನ ಎಂದು ಕೇಳುಗರಿಗೆ ರೂಢಿಯಾಗಿತ್ತು. 2004ರಲ್ಲಿ ಕೃಷ್ಣಾ ತೀರಿಕೊಂಡರು, ತಾಯಿ ಇನ್ನೂ ಬದುಕಿದ್ದರು. ಬನಾರಸಿನ ಗಾಯಕರಾದ ರಾಜನ್ ಸಾಜನ್ ಮಿಶ್ರಾ ಸಹೋದರರಲ್ಲಿ ರಾಜನ್ 2021ರಲ್ಲಿ ಕೋವಿಡ್‌ಗೆ ಬಲಿಯಾದರು. ಅಷ್ಟು ದಶಕಗಳ ಜೋಡಿ. ಸಾಜನ್ ಮತ್ತೆ ವೇದಿಕೆಗೆ ಬಂದು ಹಾಡಿದರು.

ನಿಮಗೆ ಹೇಳುವುದು ಇಷ್ಟೇ. ಮೊದಲು ನೀವಿಬ್ಬರೂ ಸೇರಿ ಹಾಡದೇ ಇದ್ದ ಪದಗಳನ್ನು ಹಾಡಿ. ಹೊಸದಾಗಿ ಕಲಿಯಿರಿ. ಅಲ್ಲಿ ಅವರ ಸಾಲು ಅಂತ ಯಾವುದೂ ಇರುವುದಿಲ್ಲ. ಹಳೆಯ ಪದಗಳನ್ನು ಮನೆಯಲ್ಲಿ ಹಾಡಿಕೊಳ್ಳಿ, ದನಿ ನಿಂತರೆ ನಿಲ್ಲಲಿ, ಅಳು ಬಂದರೆ ಬರಲಿ. ಯಾವಾಗ ಅವು ವೇದಿಕೆಗೆ ಬರಬೇಕು ಎಂಬುದನ್ನು ಮಂಡಳಿಯವರು ತೀರ್ಮಾನ ಮಾಡುವುದು ಬೇಡ, ನೀವು ಮಾಡಿ.

ನಾನು ವೀಣೆ ನುಡಿಸುತ್ತೇನೆ, ಗೆಳೆಯ ಕೊಳಲು. ಜೋಡಿ ಹೊಂದುತ್ತದೆಯೇ? (ತುಮಕೂರು)

ಹೊಂದುತ್ತದೆ, ಕೆಲಸ ಜಾಸ್ತಿ. ಲಾಲ್ಗುಡಿ ಜಯರಾಮನ್ ಅವರು 1966ರಲ್ಲಿ ಕೊಳಲಿನ ರಮಣಿ, ವೀಣೆಯ ವೆಂಕಟರಾಮನ್ ಅವರೊಂದಿಗೆ ಪಿಟೀಲು, ಕೊಳಲು, ವೀಣೆ ಮೂರನ್ನೂ ಸೇರಿಸಿ ಕಛೇರಿ ಶುರುಮಾಡಿದರು. ಆ ಧ್ವನಿಮುದ್ರಣಗಳನ್ನು ಇಬ್ಬರೂ ಕೂತು ಕೇಳಿ. ಯಾರು ಯಾವಾಗ ಸುಮ್ಮನಿರುತ್ತಾರೆ ಅನ್ನುವುದನ್ನು ಗಮನಿಸಿ.

ಕೊಳಲಿನ ಶ್ರುತಿ ಬದಲಾಯಿಸಲು ಆಗುವುದಿಲ್ಲ, ಕೊಳಲನ್ನೇ ಬದಲಾಯಿಸಬೇಕು. ಆದ್ದರಿಂದ ನಿಮ್ಮ ವೀಣೆಗೆ ಒಗ್ಗಿದ ಶ್ರುತಿಗೆ ಅವರು ಕೊಳಲು ಆರಿಸಿಕೊಳ್ಳಲಿ. ಊದುತ್ತಾ ಹೋದಂತೆ ಬಿದಿರು ಬೆಚ್ಚಗಾಗಿ ಶ್ರುತಿ ಸ್ವಲ್ಪ ಮೇಲೇರುತ್ತದೆ. ಅವರು ಕಛೇರಿಗೆ ಮೊದಲೇ ಊದಿ ಬೆಚ್ಚಗೆ ಮಾಡಿಕೊಂಡಿರಲಿ, ಆಮೇಲೆ ನೀವು ತಂತಿ ಸೇರಿಸಿ. ಮೀಟಿದ ನಾದ ಬೇಗ ಕರಗುತ್ತದೆ, ಕೊಳಲಿನ ನಾದ ಉಸಿರು ಇರುವ ತನಕ ನಿಲ್ಲುತ್ತದೆ. ವಿಳಂಬ ಕಾಲದಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದರೆ ನಿಮ್ಮ ಗಮಕವೆಲ್ಲ ಕೊಳಲಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅಂಥ ಕಡೆ ಸರದಿ ತೆಗೆದುಕೊಳ್ಳಿ, ಮಧ್ಯಮ ಕಾಲದಲ್ಲಿ ಸೇರಿ. ತಾನ ನಿಮ್ಮದಾಗಲಿ. ವೀಣೆಯ ತಾನಕ್ಕೆ ಸಮ ಯಾವುದಿದೆ!

ನಾನಿರುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಜೊತೆಗೆ ನುಡಿಸುವವರು ಯಾರೂ ಇಲ್ಲ. ನನ್ನದೇ ಪಿಟೀಲನ್ನು ರೆಕಾರ್ಡ್ ಮಾಡಿ ಅದರ ಜೊತೆಗೆ ನಾನೇ ನುಡಿಸಿ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ದ್ವಂದ್ವ ಅಂತ ಮಾಡಬಹುದಾ?

ಅಭ್ಯಾಸಕ್ಕೆ ಮಾಡಿ, ಬಹಳ ಉಪಯೋಗ. ನಿಮ್ಮ ಕಾಲಪ್ರಮಾಣ ಎಲ್ಲಿ ಓಡುತ್ತದೆ, ಶ್ರುತಿ ಎಲ್ಲಿ ಜಾರುತ್ತದೆ ಎಲ್ಲ ಕೇಳಿಸುತ್ತದೆ. ವೇದಿಕೆಗೆ ಬೇಡ. ಇನ್ನೊಬ್ಬರು ಅನಿರೀಕ್ಷಿತವಾಗಿ ಏನೋ ಒಂದನ್ನು ನುಡಿಸಿ, ಅದನ್ನು ಕೇಳಿ ನೀವು ಬದಲಾಗುವುದೇ ದ್ವಂದ್ವ. ರೆಕಾರ್ಡಿಗೆ ನಿಮ್ಮ ಮಾತು ಕೇಳಿಸುವುದಿಲ್ಲವಲ್ಲ. ಸಂಘದಲ್ಲಿ ತಬಲಾ ಗೊತ್ತಿರುವ ಒಬ್ಬ ಹುಡುಗ ಸಿಕ್ಕರೂ ಸಾಕು, ಸರಳವಾದ ಆದಿತಾಳದ ದೇವರನಾಮಗಳನ್ನು ಅವನೊಂದಿಗೆ ನುಡಿಸಿ. ಯಾರೂ ಸಿಗದಿದ್ದರೆ ತಂಬೂರಿ ಆ್ಯಪ್ ಇಟ್ಟುಕೊಂಡು ಇಪ್ಪತ್ತು ನಿಮಿಷ ಆಲಾಪನೆ, ತಾನ ನುಡಿಸಿ. ಅದು ಪೂರ್ತಿ ಪ್ರಾಮಾಣಿಕ ಸಂಗೀತ.

ಜೋಡಿ ಕಛೇರಿಗೂ ಸಭೆಯವರು ಒಬ್ಬರ ಸಂಭಾವನೆಯನ್ನೇ ಕೊಡುತ್ತಾರೆ. ನನ್ನ ಜೊತೆಗಾರ ನನಗಿಂತ ಹಿರಿಯ. ಹಂಚಿಕೊಳ್ಳುವುದು ಹೇಗೆ?

ಸಮವಾಗಿ. ಹಿರಿಯರು ಕಿರಿಯರು ಎಂಬುದು ನಮಸ್ಕಾರ ಮಾಡುವಾಗ ಇರಲಿ, ಹಣದಲ್ಲಿ ಬೇಡ. ಪ್ರಯಾಣದ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅರ್ಧ. ಈ ಮಾತನ್ನು ಮೊದಲ ಕಛೇರಿಗೆ ಮುಂಚೆಯೇ ಆಡಿ ಮುಗಿಸಿ, ಆಮೇಲೆ ಆಡುವುದು ಬಹಳ ಕಷ್ಟ.

ಸಭೆಯವರ ಹತ್ತಿರವೂ ಬಾಯಿಬಿಟ್ಟು ಕೇಳಿ. ಮುಖ್ಯ ಕಲಾವಿದರು ಇಬ್ಬರು, ಅಭ್ಯಾಸ ಇಬ್ಬರದು, ಹಾಗಿದ್ದಾಗ ಒಬ್ಬರ ಸಂಭಾವನೆ ಯಾವ ನ್ಯಾಯ? ನಿಮ್ಮದು ಪಿಟೀಲು ಜೋಡಿಯಾದರೆ ಹಾಡುಗಾರಿಕೆಗೆ ಬೇಕಾಗುವ ಪಕ್ಕವಾದ್ಯದ ಪಿಟೀಲಿನವರ ಖರ್ಚು ಅವರಿಗೆ ಉಳಿಯುತ್ತದೆ, ಅದನ್ನೂ ಹೇಳಿ. ಪೂರ್ತಿ ಎರಡರಷ್ಟು ಕೊಡದಿದ್ದರೂ ಒಂದೂವರೆಯಷ್ಟಕ್ಕೆ ಹಲವರು ಒಪ್ಪುತ್ತಾರೆ. ಮತ್ತೆ, ಇಬ್ಬರ ಹೆಸರಿಗೂ ಬೇರೆ ಬೇರೆ ಪಾವತಿ ಮಾಡಲು ಹೇಳಿ. ಒಬ್ಬರ ಖಾತೆಗೇ ಎಲ್ಲ ಬಂದರೆ ತೆರಿಗೆಯ ಲೆಕ್ಕವೂ ಅವರ ತಲೆಗೇ ಬರುತ್ತದೆ.